ಬಾಟಲಿಗೆ ಅಂಟಿಕೊಂಡ ಕಬ್ಬಿಣ

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಆದರೂ ಬೆಳಗಾವಿಯ ನಮ್ಮ ಲ್ಯಾಬಿಗೆ ವಿದರ್ಭದಿಂದ ಗಣಿ ನೀರಿನ ಸ್ಯಾಂಪಲ್ ಬರುತ್ತವೆ. ವರ್ಧಾ ನದಿ ಸೇರುವ ಹಳ್ಳದ್ದು. ಗಣಿಯಿಂದ ಪಂಪ್ ಮಾಡಿದ ನೀರು ಬೀಳುವ ಜಾಗಕ್ಕಿಂತ ಮೇಲೆ ಒಂದು ಬಾಟಲಿ, ಕೆಳಗೆ ಒಂದು. ಹೋದ ಮಳೆಗಾಲ ಮುಗಿದ ಮೇಲೆ ಬಂದ ಬ್ಯಾಚ್ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಆವತ್ತು ಲೋಹ ಅಳೆಯುವ ಯಂತ್ರ ಎಎಎಸ್ ಚೆನ್ನಾಗಿ ಓಡಿತ್ತು. ಬ್ಲ್ಯಾಂಕ್ (ಸ್ಯಾಂಪಲ್ ಇಲ್ಲದ ಶುದ್ಧ ನೀರು) ಕ್ಲೀನ್, ಸ್ಪೈಕ್ ರಿಕವರಿ (ಗೊತ್ತಿರುವಷ್ಟು ಕಬ್ಬಿಣ ಸೇರಿಸಿ ಮತ್ತೆ ಅಳೆದದ್ದು) ಸರಿ. ಕೆಳಗಿನ ಬಾಟಲಿಯ ಕಬ್ಬಿಣ ಮೇಲಿನದ್ದಕ್ಕಿಂತ ಜಾಸ್ತಿ ಏನೂ ಇಲ್ಲ. ಮ್ಯಾನೇಜರ್ ಬಾಗಿಲಲ್ಲೇ ನಿಂತು, "ಪಾರ್ಟಿ ಫೋನ್ ಮ್ಯಾಲೆ ಫೋನ್ ಹಚ್ಚಾಕತ್ತಾರ, ರಿಪೋರ್ಟ್ ಬಿಟ್ಟುಬಿಡ್ರಿ" ಅಂದರು. ಪಾರ್ಟಿ ಅಂದರೆ ಸ್ಯಾಂಪಲ್ ಕಳಿಸಿದವರು.

ಸಹಿ ಹಾಕಲು ಕೈ ಬರಲಿಲ್ಲ. ಅದೇ ಕೆಳಗಿನ ಬಾಟಲಿಯಲ್ಲಿ ಸಲ್ಫೇಟ್ ಮತ್ತು ಕಂಡಕ್ಟಿವಿಟಿ (ಕರಗಿದ ಲವಣ ಎಷ್ಟಿದೆ ಅಂತ ಸೂಚಿಸುವ ಅಳತೆ) ಎರಡೂ ಏರಿದ್ದವು. ಕಲ್ಲಿದ್ದಲಿನ ಜೊತೆ ಇರುವ, ಕಬ್ಬಿಣ-ಗಂಧಕದ ಖನಿಜ ಪೈರೈಟ್‌ಗೆ ಗಾಳಿ, ನೀರು ತಾಗಿದರೆ ಕಬ್ಬಿಣ, ಸಲ್ಫೇಟ್, ಆಮ್ಲ ಮೂರೂ ಹೊರಗೆ ಬರುತ್ತವೆ. ಹಾಗಾದರೆ ಕಬ್ಬಿಣ ಎಲ್ಲಿ ಹೋಯಿತು? ಹಳ್ಳದ ತಳದಲ್ಲೇ ಕೆಸರಾಗಿ ಕೂತಿರಲೂಬಹುದು, ಹಾಗೆ ಆಗೋದು ಹೊಸದಲ್ಲ, ಸುಣ್ಣಕಲ್ಲು ಇರುವ ಕಡೆ ಆಮ್ಲವೂ ಸತ್ತು ಪಿಎಚ್ ಏಳರ ಹತ್ತಿರ ಬಂದು ಎಲ್ಲ ಸರಿಯಿದೆ ಅನ್ನೋ ಹಾಗೆ ಕಾಣುತ್ತದೆ. ಸಲ್ಫೇಟ್ ಮಾತ್ರ ಅಷ್ಟು ಸುಲಭವಾಗಿ ಕೂರುವುದಿಲ್ಲ, ನೀರಿನ ಜೊತೆ ಮುಂದೆ ಹೋಗುತ್ತದೆ. ಅತ್ತ ಫೋನ್ ರಿಂಗಾಗುತ್ತಲೇ ಇತ್ತು. ನಾನು ಸ್ಯಾಂಪಲ್ ಜೊತೆ ಬರುವ ವಿವರದ ಹಾಳೆ, ಸಿಒಸಿ, ತೆಗೆದೆ. ದಂಡೆಯಲ್ಲಿ ಬರೆದ ಪಿಎಚ್‌ಗಿಂತ ನಮ್ಮ ಮೀಟರಿನ ಪಿಎಚ್ ಕಡಿಮೆ ಇತ್ತು. ಸ್ಯಾಂಪಲ್ ಕೆಡದ ಹಾಗೆ ಏನು ಹಾಕಿದ್ದಾರೆ ಅಂತ ಬರೆಯುವ ಪ್ರಿಸರ್ವೇಟಿವ್ ಕಾಲಂ ಖಾಲಿ.

ಬಾಟಲಿಯನ್ನು ಕಿಟಕಿ ಬೆಳಕಿಗೆ ಹಿಡಿದೆ. ನೀರು ತಿಳಿಯಾಗಿತ್ತು. ತಳದಲ್ಲಿ ಮಾತ್ರ ಸುತ್ತಲೂ ಕಿತ್ತಳೆ ಬಣ್ಣದ ತೆಳು ಪದರ, ಉಜ್ಜಿದರೂ ಬಿಡದ ಹಾಗೆ ಅಂಟಿತ್ತು. ಮೇಲಿನ ಬಾಟಲಿಯಲ್ಲಿ ಅದು ಇರಲಿಲ್ಲ.

ಆಗಿದ್ದು ಇಷ್ಟೇ. ನೀರು ತುಂಬಿದವರು ನೈಟ್ರಿಕ್ ಆಸಿಡ್ ಹಾಕಿಲ್ಲ. ಪಿಎಚ್ 2ಕ್ಕಿಂತ ಕೆಳಗೆ ಇಳಿಸದಿದ್ದರೆ ಕರಗಿದ ಕಬ್ಬಿಣಕ್ಕೆ ಗಾಳಿ ತಾಗಿ, ಗಟ್ಟಿಯಾಗಿ, ದಾರಿಯಲ್ಲೇ ಗೋಡೆ ಹಿಡಿಯುತ್ತದೆ. ಹಾಗೆ ಗಟ್ಟಿಯಾಗುವಾಗ ಆಮ್ಲವನ್ನೂ ಬಿಡುತ್ತದೆ, ಪಿಎಚ್ ಬಿದ್ದಿದ್ದು ಅದಕ್ಕೇ. ನಮ್ಮ ಹುಡುಗ ಆ ಬಾಟಲಿಯ ಮೇಲ್ಭಾಗದ ತಿಳಿ ನೀರನ್ನು ಪಿಪೆಟ್‌ನಲ್ಲಿ ತೆಗೆದು ಓಡಿಸಿದ್ದ. ಅವನನ್ನು ಬೈದು ಏನು ಪ್ರಯೋಜನ? ಎಸ್‌ಒಪಿಯಲ್ಲಿ (ಕೆಲಸದ ಲಿಖಿತ ಕ್ರಮದಲ್ಲಿ) ಇದರ ಬಗ್ಗೆ ಒಂದು ಸಾಲೂ ಇಲ್ಲ.

ರಿಪೋರ್ಟ್ ತಡೆದೆ. ಇಡೀ ಬಾಟಲಿಗೆ ಆಸಿಡ್ ಹಾಕಿ, ರಾತ್ರಿ ಬಿಟ್ಟು, ಮರುದಿನ ಡೈಜೆಷನ್ ಮಾಡಿ (ಆಸಿಡ್ ಜೊತೆ ಕಾಯಿಸಿ ಕರಗಿಸಿ) ಓಡಿಸಿದೆವು. ಕಬ್ಬಿಣ ಯಂತ್ರ ಸರಿಯಾಗಿ ಅಳೆಯಬಲ್ಲ ಕ್ಯಾಲಿಬ್ರೇಷನ್ ರೇಂಜ್ ದಾಟಿತು, ಡೈಲ್ಯೂಟ್ ಮಾಡಬೇಕಾಯಿತು. ಅದು ಟೋಟಲ್ ಲೆಕ್ಕ ಮಾತ್ರ. ಅದರಲ್ಲಿ ಕರಗಿದ್ದೆಷ್ಟು ಅಂತ ತಿಳಿಯಬೇಕಾದರೆ ದಂಡೆಯಲ್ಲೇ 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಆಮೇಲೆ ಆಸಿಡ್ ಹಾಕಬೇಕು. ಮೊದಲು ಆಸಿಡ್ ಹಾಕಿ ಆಮೇಲೆ ಸೋಸಿದರೆ ಮಣ್ಣಿನ ಕಬ್ಬಿಣವೂ ಕರಗಿ ಲೆಕ್ಕಕ್ಕೆ ಬರುತ್ತದೆ. ಸಲ್ಫೇಟ್‌ಗೆ ಆಸಿಡ್ ಇಲ್ಲದ ಬೇರೆ ಬಾಟಲಿ, ಐಸ್ ಪೆಟ್ಟಿಗೆಯಲ್ಲಿ.

ಪಾರ್ಟಿ ಮುನಿಸಿಕೊಂಡರು. ಗಣಿ ನೀರಿಗೆ ಅವರು ಟೆಸ್ಟ್ ಮಾಡಿಸಿ ಮಿತಿ ನೋಡುವುದು ಪಿಎಚ್ 5.5ರಿಂದ 9, ನೀರಿನಲ್ಲಿ ತೇಲುವ ಕಣ ಅಂದರೆ ಟಿಎಸ್‌ಎಸ್ ಲೀಟರಿಗೆ 100 ಮಿಲಿಗ್ರಾಂ, ಸಿಒಡಿ (ರಾಸಾಯನಿಕ ಆಮ್ಲಜನಕ ಬೇಡಿಕೆ) 250, ಎಣ್ಣೆ-ಗ್ರೀಸ್ 10, ಇಷ್ಟೇ. ಸಲ್ಫೇಟ್ ಆ ಸಾಲಿನಲ್ಲಿ ಇಲ್ಲ. ಆದರೆ ಆ ಹಳ್ಳದ ಕೆಳಗೆ ಊರುಗಳಿವೆ, ಅಲ್ವಾ? ಕುಡಿಯುವ ನೀರಿನ ಐಎಸ್ 10500ರಲ್ಲಿ ಸಲ್ಫೇಟ್ ಮಿತಿ 200, ಬೇರೆ ನೀರೇ ಇಲ್ಲದಿದ್ದರೆ 400. ಇದನ್ನು ರಿಮಾರ್ಕ್ಸ್‌ನಲ್ಲಿ ಬರೆದು, ಮರು ಸ್ಯಾಂಪಲ್ ಬೇಕು ಅಂತ ಸೇರಿಸಿಯೇ ಸಹಿ ಮಾಡಿದೆ.

ಈಗ ಆಸಿಡ್ ಹಾಕಿಲ್ಲದ ಮೆಟಲ್ ಬಾಟಲಿ ಬಂದರೆ ರಿಸೆಪ್ಷನ್‌ನಲ್ಲೇ ತಡೆಯುತ್ತೇವೆ. ಮಾರ್ಕಂಡೇಯ, ಘಟಪ್ರಭಾ ಸ್ಯಾಂಪಲ್‌ಗೂ ಅದೇ ನಿಯಮ. ಟಿಎಟಿ (ಸ್ಯಾಂಪಲ್ ಬಂದು ರಿಪೋರ್ಟ್ ಹೋಗುವವರೆಗಿನ ಸಮಯ) ಏರಿತು ಅಂತ ಮೀಟಿಂಗ್‌ನಲ್ಲಿ ಗೊಣಗುತ್ತಾರೆ, ಗೊಣಗಲಿ. ಸಿರಿಂಜ್ ಫಿಲ್ಟರ್‌ಗೆ ಹಾಕಿದ ಇಂಡೆಂಟ್ (ಖರೀದಿ ಬೇಡಿಕೆ) ಮಾತ್ರ ಇನ್ನೂ ಪರ್ಚೇಸ್‌ನಲ್ಲೇ ಕೂತಿದೆ.