ಅಕ್ರೊಪೊಲಿಸ್ ಲಿಫ್ಟು, ಬಲಾನೋಸ್ ಹಾಕಿದ ಕಬ್ಬಿಣ

ಲೋಕೋಪಯೋಗಿ ಇಲಾಖೆಯಲ್ಲಿ ಸೇತುವೆ, ಮೋರಿ ಕಟ್ಟಿಸಿ ನಿವೃತ್ತನಾದವನು ನಾನು. ಎಲ್ಲಿಗೆ ಹೋದರೂ ಮೊದಲು ಕಣ್ಣು ಹೋಗುವುದು ನೀರು ಎತ್ತ ಹರಿಯುತ್ತದೆ ಅನ್ನೋ ಕಡೆಗೆ. ಗ್ರೀಸಿನ ಅಥೆನ್ಸ್‌ನಲ್ಲಿ, ಅಕ್ರೊಪೊಲಿಸ್ ಗುಡ್ಡದ ಮೇಲೂ ಅಷ್ಟೆ. ಎದುರಿಗೆ ಗ್ರೀಕರ ಹಳೆಯ ಅಮೃತಶಿಲೆಯ ದೇವಾಲಯ ಪಾರ್ಥೆನಾನ್ ನಿಂತಿದೆ, ನಾನು ಕಾಲ ಕೆಳಗಿನ ಕಾಂಕ್ರೀಟ್ ನೋಡುತ್ತಾ ನಿಂತಿದ್ದೆ. "ಅಪ್ಪಾ, ಸ್ವಲ್ಪ ತಲೆ ಎತ್ತು" ಅಂತ ಮಗಳು ರೇಗಿದಳು.

ಆ ಕಾಂಕ್ರೀಟ್ ದಾರಿ ಮಾಡಿದ್ದು 2020ರಲ್ಲಿ, ಕೋವಿಡ್ ಕಾಲದಲ್ಲಿ. ದೊಡ್ಡ ಗಲಾಟೆಯೇ ಆಯಿತು. ಎರಡೂವರೆ ಸಾವಿರ ವರ್ಷದ ಜಾಗಕ್ಕೆ ಸಿಮೆಂಟ್ ಬಳಿದರು ಅಂತ ವಿದ್ವಾಂಸರು ಸಿಟ್ಟಾದರು. ಮಳೆ ಬಂದಾಗ ನೀರು ನಿಂತಿತು ಅನ್ನೋ ದೂರೂ ಬಂತು. ಬಂಡೆಗೂ ಕಾಂಕ್ರೀಟಿಗೂ ನಡುವೆ ಹಾಳೆ ಹಾಸಿದ್ದೇವೆ, ಬೇಡವೆಂದಾಗ ಕಿತ್ತು ಹಾಕಬಹುದು ಅನ್ನೋದು ಅಲ್ಲಿನ ಸರ್ಕಾರದ ಉತ್ತರ.

ನನ್ನ ಹೆಂಡತಿಗೆ ಮಂಡಿ ನೋವು. ದೂರ ನಡೆಯೋದಿದ್ದರೆ ಗಾಲಿಕುರ್ಚಿ ಬೇಕೇ ಬೇಕು. ಗುಡ್ಡದ ಉತ್ತರದ ಮಗ್ಗುಲಲ್ಲಿ, ಅಂಥವರಿಗೆ ಅಂತಲೇ ಒಂದು ಲಿಫ್ಟ್ ಇದೆ. 2004ರ ಪ್ಯಾರಾಲಿಂಪಿಕ್ಸ್ ಹೊತ್ತಿಗೆ ಹಾಕಿದ್ದ ಹಳೆಯದು ಆಗಾಗ ಕೆಟ್ಟು ನಿಲ್ಲುತ್ತಿತ್ತಂತೆ. ಈಗಿನದು ಶುರುವಾಗಿದ್ದು 2020ರ ಡಿಸೆಂಬರ್ 3ಕ್ಕೆ, ಅಂಗವಿಕಲರ ದಿನದಂದು. ಮೇಲೆ ಹೋದ ಮೇಲೆ ಬರಿಯ ಬಂಡೆ ಇದ್ದಿದ್ದರೆ ಲಿಫ್ಟ್ ಇದ್ದೂ ಪ್ರಯೋಜನವಿಲ್ಲ. ಕೋಟಿಗಟ್ಟಲೆ ಜನ ತುಳಿದು ಆ ಸುಣ್ಣಕಲ್ಲು ನುಣುಪಾಗಿದೆ, ಗಟ್ಟಿ ಕಾಲಿನವರೇ ಜಾರುತ್ತಾರೆ. ಅವಳು ಮಾತ್ರ ಕುರ್ಚಿಯಲ್ಲಿ ಆರಾಮಾಗಿ ಕೂತು, "ರೀ, ಇಲ್ಲೂ ಇನ್ನೂ ಕೆಲಸ ಮುಗಿದಿಲ್ವಾ?" ಅಂತ ಕ್ರೇನ್ ತೋರಿಸಿದಳು.

ಮುಗಿದಿಲ್ಲ. 1975ರಲ್ಲಿ ಇಲ್ಲಿನ ಹಳೆಯ ಕಟ್ಟಡಗಳ ದುರಸ್ತಿಗಂತಲೇ ಒಂದು ಸಮಿತಿ ಆಯಿತು, ಕೆಲಸ ಇವತ್ತಿಗೂ ನಡೆಯುತ್ತಿದೆ. ಪಾರ್ಥೆನಾನ್ ಹಾಳಾಗಿದ್ದು ಬರೀ ಯುದ್ಧದಿಂದ ಅಲ್ಲ. 1687ರಲ್ಲಿ ವೆನಿಸ್ ಸೈನ್ಯದ ಗುಂಡು ಬಿದ್ದು, ತುರ್ಕರು ಒಳಗೆ ಇಟ್ಟಿದ್ದ ಸಿಡಿಮದ್ದು ಸ್ಫೋಟಿಸಿ ಚಾವಣಿ ಹಾರಿಹೋಯಿತು, ಅದು ನಿಜ. ಆದರೆ ಈಗಿನವರಿಗೆ ಜಾಸ್ತಿ ಕೆಲಸ ಕೊಟ್ಟಿದ್ದು ಹಳೆಯ ರಿಪೇರಿ!

ಇಲ್ಲಿ ಕಲ್ಲಿನ ನಡುವೆ ಗಾರೆ ಇಲ್ಲ. ಪಕ್ಕಪಕ್ಕದ ಅಮೃತಶಿಲೆಗಳಿಗೆ ಕುಳಿ ಕೊರೆದು, ಕಬ್ಬಿಣದ ಪಟ್ಟಿ ಇಟ್ಟು, ಸುತ್ತ ಸೀಸ ಕರಗಿಸಿ ಹೊಯ್ದಿದ್ದಾರೆ. ಸೀಸದ ಹೊದಿಕೆ ಇರೋತನಕ ಕಬ್ಬಿಣಕ್ಕೆ ನೀರು, ಗಾಳಿ ಮುಟ್ಟುವುದಿಲ್ಲ. ಭೂಕಂಪದಲ್ಲಿ ಅಲುಗಿದರೂ ಮೆತ್ತಗಿನ ಸೀಸ ತಡೆದುಕೊಳ್ಳುತ್ತದೆ. ಕ್ರಿಸ್ತಪೂರ್ವ 447ರಲ್ಲಿ ಶುರುವಾದ ಕಟ್ಟಡ ಅದು. ನಮ್ಮ ಕಾಲದ ಎಷ್ಟೋ ಗುತ್ತಿಗೆದಾರರಿಗೆ ಸರಳಿನ ಮೇಲೆ ಸಾಕಷ್ಟು ಕಾಂಕ್ರೀಟ್ ಕವರ್ ಬಿಡಿ ಅಂತ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ.

20ನೇ ಶತಮಾನದ ಮೊದಲ ದಶಕಗಳಲ್ಲಿ ನಿಕೊಲಾಸ್ ಬಲಾನೋಸ್ ಅನ್ನೋ ಇಂಜಿನಿಯರ್ ಬಿದ್ದ ಕಂಬಗಳನ್ನು ಎತ್ತಿ ನಿಲ್ಲಿಸಿದರು. ಕಬ್ಬಿಣವನ್ನೇ ಬಳಸಿದರು, ಸೀಸ ಹಾಕಲಿಲ್ಲ. ತುಕ್ಕು ಹಿಡಿದ ಕಬ್ಬಿಣ ನೆನೆಸಿಟ್ಟ ಕಡಲೆ ಹಾಗೆ ಉಬ್ಬುತ್ತದೆ. ಕಲ್ಲು ಒಳಗಿಂದಲೇ ಸೀಳಿತು. ಇನ್ನೊಂದು ತೊಂದರೆ, ಪಾರ್ಥೆನಾನ್‌ನಲ್ಲಿ ಸರಿಯಾದ ಸಮತಟ್ಟು ಎಲ್ಲೂ ಇಲ್ಲ. ನೆಲಗಟ್ಟೇ ನಡುವೆ ಸ್ವಲ್ಪ ಉಬ್ಬಿದೆ, ಕಂಬಗಳು ಒಳಕ್ಕೆ ವಾಲಿವೆ. ಹಾಗಾಗಿ ಒಂದು ಕಲ್ಲು ಕೂರುವುದು ತನ್ನ ಜಾಗದಲ್ಲಿ ಮಾತ್ರ. ಬಲಾನೋಸ್ ಎಷ್ಟೋ ಕಲ್ಲನ್ನು ಕೈಗೆ ಸಿಕ್ಕ ಜಾಗಕ್ಕೆ ಕೂರಿಸಿದ್ದರು. ಈಗಿನವರು ಅದನ್ನೆಲ್ಲ ಬಿಚ್ಚಿ, ಯಾವ ಕಲ್ಲು ಎಲ್ಲಿಯದು ಅಂತ ಹುಡುಕಿ, ಕಬ್ಬಿಣದ ಬದಲು ತುಕ್ಕು ಹಿಡಿಯದ ಟೈಟೇನಿಯಂ ಇಟ್ಟು ಜೋಡಿಸುತ್ತಿದ್ದಾರೆ. ಕಡಿಮೆ ಬಿದ್ದ ಕಡೆ, ಮೊದಲು ಕಲ್ಲು ತಂದಿದ್ದ ಅದೇ ಪೆಂಟೆಲಿ ಬೆಟ್ಟದ ಹೊಸ ಕಲ್ಲು. ಹಳೆಯದು ಜೇನಿನ ಬಣ್ಣ, ಹೊಸದು ಬೆಳ್ಳಗೆ. ಯಾವುದು ಇವತ್ತಿನದು ಅಂತ ಯಾರಿಗಾದರೂ ಗೊತ್ತಾಗುತ್ತದೆ. ಬಣ್ಣ ಬಳಿದು ಮುಚ್ಚಿಲ್ಲ, ಅದು ನನಗೆ ಹಿಡಿಸಿತು.

ಕಾಂಕ್ರೀಟ್ ದಾರಿಯ ಬಗ್ಗೆ ನಾನು ಕೇಳುವುದು ಒಂದೇ. ನಾಳೆ ಬರುವವನು ಕಲ್ಲಿಗೆ ಏಟಾಗದ ಹಾಗೆ ಇದನ್ನು ತೆಗೆಯಬಹುದಾ? ಹಾಳೆ ಹಾಸಿದ್ದು ನಿಜವಾದರೆ ನನ್ನ ತಕರಾರಿಲ್ಲ. ಅಗಲ ಮಾತ್ರ ಅತಿಯಾಯಿತು. ಎರಡು ಗಾಲಿಕುರ್ಚಿ ಎದುರುಬದುರು ದಾಟುವಷ್ಟಿದ್ದರೆ ಸಾಕಿತ್ತು, ಇದು ಮೆರವಣಿಗೆ ದಾರಿ ಹಾಗಿದೆ. ಇಷ್ಟು ಹಾಸಿದ ಮೇಲೆ ನೀರಿಗೆ ದಾರಿ ಮೊದಲೇ ಯೋಚಿಸಬೇಕಿತ್ತು, ಅಲ್ವಾ? ಆದರೆ "ಒರಟು ಬಂಡೆ ಮೇಲೆ ನಡೆದರೇನೇ ಅನುಭವ" ಅನ್ನುವವರಿಗೆ ಮಂಡಿ ಚೆನ್ನಾಗಿರಬೇಕು, ಅಷ್ಟೇ.

ನಮ್ಮ ಶ್ರವಣಬೆಳಗೊಳದಲ್ಲಿ ಹತ್ತಲಾಗದವರನ್ನು ಡೋಲಿಯವರು ಹೆಗಲ ಮೇಲೆ ಹೊತ್ತು ಏರಿಸುತ್ತಾರೆ. ಇನ್ನೊಬ್ಬರ ಹೆಗಲ ಮೇಲೆ ಕೂರಲು ನನ್ನವಳು ಒಪ್ಪಲಿಲ್ಲ. ಬಾದಾಮಿಯಲ್ಲೂ ಕೆಳಗೇ ಕೂತಳು, ಚಾಲುಕ್ಯರ ಮಂಗಳೇಶ ಕೊರೆಸಿದ ಮೂರನೇ ಗುಹೆಯನ್ನು ನನ್ನ ಫೋನಿನಲ್ಲಿ ನೋಡಿದಳು. ಆ ಕೆಂಪು ಬಂಡೆಗೆ ಲಿಫ್ಟ್ ಅಂಟಿಸಿ ಅಂತ ನಾನು ಹೇಳಲ್ಲ. ಮೊದಲನೇ ಗುಹೆ ಅಷ್ಟೇನೂ ಮೇಲಿಲ್ಲ. ಅಲ್ಲಿಯ ತನಕವಾದರೂ ಬಂಡೆಗೆ ಮೊಳೆ ಹೊಡೆಯದೆ, ತನ್ನ ಕಾಲ ಮೇಲೆ ತಾನೇ ನಿಲ್ಲುವ, ಬಿಚ್ಚಿ ಒಯ್ಯಬಹುದಾದ ಉಕ್ಕಿನ ಇಳಿಜಾರು ದಾರಿಯೊಂದನ್ನು ಹಾಕೋಕಾಗುತ್ತಾ ಅಂತ ಯಾರಾದರೂ ಅಳತೆ ಹಿಡಿದು ನೋಡಲಿ. ಇಳಿಜಾರು, ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಅನ್ನೋದಕ್ಕಿಂತ ಕಡಿದಾಗಬಾರದು, ನಡುನಡುವೆ ನಿಲ್ಲಲು ಸಮತಟ್ಟು ಜಾಗ ಬೇಕು. ಆಮೇಲೆ, ದಯವಿಟ್ಟು, ಚರಂಡಿ.