ನೀಲಿ ಹಾಳೆಯ ಮೇಲಿನ ಕೈಗಳು

ಡ್ರಾಯಿಂಗ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ದಿನ ಹಳೆಯ ಬ್ಯಾಚಿನವರೆಲ್ಲ ಮಾತಾಡಿದ್ದು ಡ್ಯೂರರ್‌ನ ಕೈಗಳ ಬಗ್ಗೆ. ಪಠ್ಯದಲ್ಲಿ ಏನೇನಿತ್ತೋ ಯಾರಿಗೂ ನೆನಪಿಲ್ಲ. 1508ರಲ್ಲಿ ಜರ್ಮನ್ ಚಿತ್ರಕಾರ ಆಲ್‌ಬ್ರೆಕ್ಟ್ ಡ್ಯೂರರ್ ಬರೆದ ಆ ಮುಗಿದ ಕೈಗಳ ಮೂಲ ವಿಯೆನ್ನಾದ ಆಲ್ಬರ್ಟೀನಾ ಮ್ಯೂಸಿಯಮ್ಮಿನಲ್ಲಿದೆ. ನಮ್ಮ ಗೋಡೆಯ ಮೇಲಿದ್ದದ್ದು ಮಾಸಿದ ಪ್ರಿಂಟು. ಅದನ್ನು ನೋಡಿ ನಾವು ಬರೆಯುವ ಪ್ರತಿಯೂ ಮೂಲದ ಅಳತೆಯಲ್ಲೇ ಇರಬೇಕು: 29 ಸೆಂ.ಮೀ. ಎತ್ತರ, 20ಕ್ಕೆ ಚೂರು ಕಡಿಮೆ ಅಗಲ. ದೊಡ್ಡದು ಮಾಡಿದರೆ ಗೆರೆಯ ದಪ್ಪ ಸುಳ್ಳಾಗುತ್ತದೆ ಎನ್ನುತ್ತಿದ್ದರು ಮೇಷ್ಟ್ರು.

ಮೊದಲು ಹಾಳೆ. ಕಾರ್ಟ್ರಿಜ್ ಹಾಳೆಗೆ ಬೂದು ಬೆರೆತ ನೀಲಿ ಪೋಸ್ಟರ್ ಕಲರ್ ತೆಳ್ಳಗೆ ಬಳಿದು ಒಂದು ರಾತ್ರಿ ಒಣಗಿಸಬೇಕು. ಬಣ್ಣಕ್ಕೆ ಚೂರು ಫೆವಿಕಾಲ್ ಬೆರೆಸದಿದ್ದರೆ, ಒದ್ದೆ ಬ್ರಷ್ ಆಡಿದೊಡನೆ ನೀಲಿ ಎದ್ದುಬಂದು ಇಂಕಿನ ಜೊತೆ ಕೆಸರಾಗುತ್ತದೆ. ಜಾಸ್ತಿಯಾಯಿತೋ, ಇಂಕು ಹಿಡಿಯದೆ ಹನಿಗಟ್ಟಿ ನಿಲ್ಲುತ್ತದೆ.

ಪೆನ್ಸಿಲಿನಲ್ಲಿ ಮೊದಲಿಗೇ ಬೆರಳು ಬರೆಯುವಂತಿಲ್ಲ. ಎರಡು ಅಂಗೈಗಳ ನಡುವಿನ ಸಂದು, ತೋಳಿನ ಮಡಿಕೆಗೂ ಮಣಿಕಟ್ಟಿಗೂ ನಡುವಿನ ಜಾಗ, ಇವು ಕೂತ ಮೇಲೆ ಬೆರಳು. ಆಮೇಲೆ ಒಂದನೇ ನಂಬರ್ ಬ್ರಷ್, ನೀರು ಬೆರೆಸಿದ ಕಪ್ಪು ಇಂಕು. ನೆರಳಿನ ಗೆರೆಗಳು ಬೆರಳನ್ನು ಉಂಗುರದಂತೆ ಬಳಸಬೇಕು; ಉದ್ದಕ್ಕೆ ಎಳೆದರೆ ಬೆರಳು ಕಡ್ಡಿಯಾಗುತ್ತದೆ.

ಬಿಳಿ ಕೊನೆಗೆ, ಇಂಕು ಪೂರ್ತಿ ಒಣಗಿದ ಮೇಲೆ, ಅದೂ ಗೆರೆಗಳಲ್ಲೇ. ಎಲ್ಲರೂ ಎಡವುತ್ತಿದ್ದದ್ದು ಇಲ್ಲಿ. ಕಪ್ಪಿಗೂ ಬಿಳಿಗೂ ನಡುವೆ ಬರೀ ನೀಲಿ ಹಾಳೆ ಉಳಿಯಬೇಕು, ಚರ್ಮವೆಂದರೆ ಅದೇ. ಬಿಳಿ ಹೋಗಿ ಕಪ್ಪನ್ನು ಮುಟ್ಟಿತೆಂದರೆ ಸುಣ್ಣದಲ್ಲಿ ಅದ್ದಿದ ಕೈ.

ಕಿಟಕಿ ಗಾಜಿನ ಮೇಲಿಟ್ಟು ಟ್ರೇಸ್ ಮಾಡಿ, ಕಾರ್ಬನ್ ಒತ್ತಿ ತಂದ ಭೂಪರೂ ಇದ್ದರು. ಮೇಷ್ಟ್ರು ಹಾಳೆಯನ್ನು ತಲೆಕೆಳಗು ಮಾಡಿ ಹಿಡಿದು, “ಗಾಜು ಚೆನ್ನಾಗಿ ಬರೆದಿದೆ ಕಣಯ್ಯಾ” ಅಂದರು. ಟ್ರೇಸಿನ ಗೆರೆ ಹೆದರಿಕೊಂಡು ನಿಧಾನ ಹೋಗುತ್ತದೆ, ಕೊನೆತನಕ ಒಂದೇ ದಪ್ಪ. ಡ್ಯೂರರ್‌ನ ಗೆರೆ ಗೆಣ್ಣಿನ ಹತ್ತಿರ ಒತ್ತಿ, ಬ್ರಷ್ ಏಳುತ್ತಿದ್ದಂತೆ ಕೂದಲಾಗುತ್ತದೆ.

ಈಗ ಫೋನಿನಲ್ಲಿ ಚೌಕ ಹಾಕಿಕೊಂಡು ಎರಡೇ ಪೀರಿಯಡ್ಡಿಗೆ ಪ್ರತಿ ಮುಗಿಸುತ್ತಾರಂತೆ. ನಮಗೆ ಹೆಬ್ಬೆರಳಿಗೇ ಎರಡು ಪೀರಿಯಡ್ ಬೇಕಿತ್ತು. ನಮ್ಮ ಬ್ಯಾಚಿನವರ ಗೆರೆ ಇವತ್ತಿಗೂ ಗುರುತು ಸಿಗುತ್ತದೆ ಅನ್ನುವ ಜಂಭ ಬೇರೆ!

ಆ ಕೈಗಳು ಫ್ರಾಂಕ್‌ಫರ್ಟಿನ ಚರ್ಚಿನ ಬಲಿಪೀಠದ ಚಿತ್ರಕ್ಕೆ ಮಾಡಿಕೊಂಡ ತಯಾರಿ. ಅದರ ನಡುಫಲಕ 1729ರಲ್ಲಿ ಮ್ಯೂನಿಕ್‌ನಲ್ಲಿ ಬೆಂಕಿಗೆ ಹೋಯಿತು. ಈಗ ನೋಡಸಿಗುವುದು ಯೋಬ್ಸ್ಟ್ ಹ್ಯಾರಿಷ್ ಎಂಬ ಚಿತ್ರಕಾರ ಮಾಡಿದ ಪ್ರತಿ. ಇದನ್ನು ಹೇಳಿಯೇ ಮೇಷ್ಟ್ರು ನಮ್ಮ ಹಾಳೆಗಳ ಹಿಂಬದಿಯಲ್ಲಿ ‘ಪ್ರತಿ’ ಎಂದೂ ತಾರೀಕನ್ನೂ ಬರೆಸುತ್ತಿದ್ದರು. ಹೆಸರು ಆಮೇಲೆ, ಚಿಕ್ಕದಾಗಿ.