ಭಯವನ್ನು ನೋಡುವ ನಾನು

ಕೌನ್ಸೆಲರ್ ಹೇಳಿಕೊಟ್ಟ ಒಂದು ಅಭ್ಯಾಸ ನನಗೆ ತುಂಬಾ ಉಪಕಾರ ಮಾಡಿದೆ. 'ಅಮ್ಮನಿಗೆ ಏನೋ ಆಗುತ್ತದೆ' ಅನ್ನುವ ಬದಲು, 'ಅಮ್ಮನಿಗೆ ಏನೋ ಆಗುತ್ತದೆ ಅನ್ನುವ ಯೋಚನೆ ನನಗೆ ಬರುತ್ತಿದೆ' ಅಂತ ಹೇಳಿಕೊಳ್ಳುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹೇಯ್ಸ್ ಮತ್ತು ಜೊತೆಗಾರರು ರೂಪಿಸಿದ ಆಕ್ಟ್ (ಆಕ್ಸೆಪ್ಟೆನ್ಸ್ ಆಂಡ್ ಕಮಿಟ್‌ಮೆಂಟ್ ಥೆರಪಿ) ಅನ್ನುವ ಮನೋಚಿಕಿತ್ಸೆಯಲ್ಲಿ ಇದನ್ನು ಕಲಿಸುತ್ತಾರೆ. ಭಯ ಬೇರೆ, ಅದನ್ನು ನೋಡುತ್ತಿರುವ ನಾನು ಬೇರೆ.

ಮೊನ್ನೆ ಅಮ್ಮನ ಜೊತೆ ಕಾಸರಗೋಡಿನಿಂದ ಮಂಗಳೂರಿಗೆ ರೈಲಿನಲ್ಲಿ ಹೊರಟಿದ್ದೆ. ಕುಂಬಳೆ ದಾಟುವಷ್ಟರಲ್ಲಿ ನನ್ನ ತಲೆಯೊಳಗೆ ಆಪರೇಷನ್, ಸಾಲ, ಖಾಲಿ ಮನೆ ಎಲ್ಲ ಬಂದು ಹೋಗಿತ್ತು. ದವಡೆ ಬಿಗಿದಿತ್ತು. ಸ್ಕ್ಯಾನಿಂಗ್ ರಿಪೋರ್ಟಿನ ಕವರಿನ ಮೂಲೆ ಬೆರಳಲ್ಲಿ ಮುದುಡಿತ್ತು. ಆ ಮಾತನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಭಯವೇನೂ ಹೋಗಲಿಲ್ಲ, ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಆದರೆ ಪಕ್ಕದಲ್ಲಿ ಅಮ್ಮ ಮಾತಾಡುತ್ತಿರುವುದು ಆಗ ಕಿವಿಗೆ ಬಿತ್ತು. ಅಂಗಳದಲ್ಲಿ ಅಡಿಕೆ ಹರವಿ ಬಂದಿದ್ದೇವೆ, ಮಳೆ ಬಂದರೆ ಎತ್ತುವವರು ಯಾರು ಅಂತ ಅವರ ಚಿಂತೆ. ಉಪ್ಪಳದವರೆಗೂ ಅದೇ ಮಾತು. ಎಷ್ಟು ಸಮಾಧಾನವಾಯಿತು ಗೊತ್ತಾ!

ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶುರು ಮಾಡಿದ ಧ್ಯಾನದ ತರಬೇತಿಯಲ್ಲೂ ಇಂಥದ್ದೇ ಕಲಿಕೆ. ತುಂಬಾ ಕಾಲದಿಂದ ನೋವು ಅನುಭವಿಸುತ್ತಿದ್ದವರು ನೋವಿನ ಜೊತೆ ಜಗಳಾಡದೆ ಸುಮ್ನೆ ಗಮನಿಸಲು ಕಲಿತರು. ಏನೂ ಅನಿಸದ ಹಾಗೆ ಕಲ್ಲಾಗುವುದು ಅಂತ ಕೆಲವರು ಇದನ್ನು ತಿಳಿಯುತ್ತಾರೆ. ಖಂಡಿತ ಅಲ್ಲ.

ಹಾಗಂತ ಎಲ್ಲರಿಗೂ ಕಣ್ಣು ಮುಚ್ಚಿ ಕೂರುವುದು ಹಿಡಿಸುವುದಿಲ್ಲ. ದೊಡ್ಡ ಆಘಾತ ಕಂಡವರಿಗೆ ಹಳೆಯದೆಲ್ಲ ಒಮ್ಮೆಗೇ ನುಗ್ಗಿ ಬರಬಹುದು. ಅಂಥವರು ಕಣ್ಣು ಬಿಟ್ಟುಕೊಂಡು, ಪಾದ ನೆಲಕ್ಕೆ ಊರಿ, ಗೊತ್ತಿರುವ ಚಿಕಿತ್ಸಕರ ಜೊತೆಯಲ್ಲೇ ಶುರು ಮಾಡುವುದು ಒಳ್ಳೆಯದು.